ಒಂದೇ ಉದ್ದದ ಬೇಲಿ

ಗಾಜಿನ ಕಾರ್ಖಾನೆಯ ಹಿಂದೆ ಕೆಲಸಗಾರರ ಸಾಲುಮನೆಗಳಿದ್ದವು. ಸಾಲಿನ ಕೊನೆಯ ಎರಡು ಮನೆಗಳಲ್ಲಿ ಅಣ್ಣತಮ್ಮಂದಿರ ಸಂಸಾರ. ಅಣ್ಣ ಕಾರ್ಖಾನೆಯ ಬಸ್ ಓಡಿಸುತ್ತಿದ್ದ, ತಮ್ಮ ಕುಲುಮೆಯ ಮುಂದೆ ನಿಂತು ಬೆವರುತ್ತಿದ್ದ. ಇಬ್ಬರೂ ಹಾಲು-ಸಕ್ಕರೆಯ ಹಾಗೆ. ಒಬ್ಬ ಕೆಮ್ಮಿದರೆ ಇನ್ನೊಬ್ಬ ನೀರು ತರುತ್ತಿದ್ದ. ಹೆಂಡತಿಯರದು ಮಾತ್ರ ಎಣ್ಣೆ-ಸೀಗೆಕಾಯಿ.

ಹಿರಿಸೊಸೆಯ ಕೆಲಸ ಬಾಟಲಿ ತಪಾಸಣೆ. ದೀಪದ ಮುಂದೆ ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಗುಳ್ಳೆ, ಗೀರು, ಬಿರುಕು ಇದ್ದರೆ ಕಂಡುಹಿಡಿದು ಬದಿಗಿಡಬೇಕು. ದಿನವಿಡೀ ತಪ್ಪು ಹುಡುಕಿ ಬಂದವಳಿಗೆ ಆ ಅಭ್ಯಾಸವನ್ನು ಚಪ್ಪಲಿಯ ಜೊತೆ ಹೊಸ್ತಿಲ ಹೊರಗೆ ಬಿಟ್ಟುಬರಲು ಆಗುತ್ತಿರಲಿಲ್ಲ. ಕಿರಿಸೊಸೆ ಪ್ಯಾಕಿಂಗ್ ವಿಭಾಗದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅತ್ತೆ ಒಂದು ತಿಂಗಳು ಈ ಮನೆಯಲ್ಲಿ, ಒಂದು ತಿಂಗಳು ಆ ಮನೆಯಲ್ಲಿ ಇರುತ್ತಿದ್ದರು. ಬೇಡದ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಬೇಕಾದದ್ದು ಗೋಡೆಯಾಚೆ ಪಿಸುಗುಟ್ಟಿದರೂ ಕೇಳಿಸುತ್ತಿತ್ತು.

ಜಗಳದ ಬೇರು ಒಂದು ಪರದೆಯಲ್ಲಿತ್ತು. ಕಿರಿಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕಿಟಕಿಗೆ ತಾನೇ ಒಂದು ಪರದೆ ಹೊಲಿದುಕೊಡಬೇಕೆಂದು ಹಿರಿಸೊಸೆಗೆ ಅನಿಸಿತು. ಅಳತೆ ತರಲು ಗಂಡನನ್ನು ಕಳಿಸಿದಳು. ಬಸ್ ಓಡಿಸುವವನಿಗೆ ಎಲ್ಲವೂ ಅವಸರ. ಅವನು ಒಂದು ದಾರ ತೆಗೆದುಕೊಂಡು ಕಿಟಕಿಯ ನಾಲ್ಕೂ ಅಂಚಿನ ಮೇಲೆ ಒಂದು ಸುತ್ತು ಹಾಯಿಸಿ, ಕತ್ತರಿಸಿ ತಂದುಕೊಟ್ಟ. "ಇಡೀ ಕಿಟಕಿ ಅಳೆದು ತಂದಿದ್ದೀನಿ, ಒಂದಿಷ್ಟೂ ಬಿಟ್ಟಿಲ್ಲ" ಎಂದ. ಹಿರಿಸೊಸೆಯ ಹತ್ತಿರ ಇದ್ದದ್ದು ಅಗಲ ಕಡಿಮೆಯ ಬಟ್ಟೆ. ಅದರ ಸುತ್ತ ಆ ದಾರ ಸರಿಯಾಗಿ ಕೂರುವವರೆಗೆ ಉದ್ದ ಬಿಟ್ಟು ಹೊಲಿದಳು, ಅಂಚಿಗೆ ಹೂವನ್ನೂ ಬಿಡಿಸಿದಳು. ತೂಗುಹಾಕಿದರೆ ಪರದೆ ನೆಲಕ್ಕೆ ತಾಗುತ್ತಿತ್ತು, ಎರಡೂ ಪಕ್ಕದಿಂದ ಬೀದಿ ಕಾಣುತ್ತಿತ್ತು.

"ಅಕ್ಕ, ಇದು ಕಿಟಕಿಗಾ, ಕಂಬಕ್ಕಾ?" ಎಂದು ಕೇಳಿ ಕಿರಿಸೊಸೆ ನಕ್ಕುಬಿಟ್ಟಳು. ಅವಳಿಗೆ ಅದು ಬರೀ ತಮಾಷೆ. ಹಿರಿಸೊಸೆಗೆ ಮಾತ್ರ ಆ ನಗು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆಮೇಲೆ ಇಬ್ಬರ ನಡುವೆ ಮಾತು ಬೇಕಾದಷ್ಟೇ, ಅದೂ ಹೆಚ್ಚಾಗಿ ಅತ್ತೆಯ ಮೂಲಕ.

ಹೀಗಿರುವಾಗ ಕಾರ್ಖಾನೆಯವರು ಒಂದು ಒಳ್ಳೆಯ ಕೆಲಸ ಮಾಡಿದರು. ಮನೆಗಳ ಹಿಂದೆ ಹಳೆಯ ಮರಳು ಸುರಿಯುತ್ತಿದ್ದ ದೊಡ್ಡ ಬಯಲು ಖಾಲಿ ಬಿದ್ದಿತ್ತು. ಅದಕ್ಕೆ ಹೊಸ ಮಣ್ಣು ಹಾಕಿಸಿ, ಯಾರಿಗೆ ಬೇಕೋ ಅವರು ತರಕಾರಿ ಬೆಳೆದುಕೊಳ್ಳಿ ಎಂದರು. ಬಯಲಿನ ಉಸ್ತುವಾರಿ ಒಬ್ಬ ಹಿರಿಯ ಮೇಸ್ತ್ರಿಯದು. ಅವರ ಬಾಯಲ್ಲಿ 'ನೆಟ್ಟಗೆ' ಎಂಬ ಪದ ಬಾರದ ವಾಕ್ಯವೇ ಇರಲಿಲ್ಲವಾದ್ದರಿಂದ ಎಲ್ಲರೂ ಅವರನ್ನು ಹಿಂದಿನಿಂದ ನೆಟ್ಟಗಣ್ಣ ಎನ್ನುತ್ತಿದ್ದರು.

ನೆಟ್ಟಗಣ್ಣ ಎಲ್ಲರನ್ನೂ ಬಯಲಲ್ಲಿ ನಿಲ್ಲಿಸಿ ಹೇಳಿದರು: "ಮನೆಗೊಂದು ಸುರುಳಿ ತಂತಿಬಲೆ. ಒಂದೊಂದು ಸುರುಳಿ ಇಪ್ಪತ್ನಾಲ್ಕು ಮೀಟರ್. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ಆ ಬಲೆ ಎಷ್ಟು ಜಾಗಕ್ಕೆ ಸುತ್ತು ಬರುತ್ತೋ ಅಷ್ಟು ನಿಮ್ಮದು. ಮೂಲೆಗಳು ನೆಟ್ಟಗಿರಬೇಕು. ಡೊಂಕು ಪಂಕು ಹಾಕಿದ್ರೆ ನಾನೇ ಬಂದು ಕೀಳ್ತೀನಿ."

ಯಾರಿಗೂ ಇದರಲ್ಲಿ ಅನ್ಯಾಯ ಕಾಣಲಿಲ್ಲ. ಎಲ್ಲರಿಗೂ ಒಂದೇ ಉದ್ದದ ಬೇಲಿ ಅಂದರೆ ಎಲ್ಲರಿಗೂ ಒಂದೇ ಅಳತೆಯ ತೋಟ ಎಂದೇ ಎಲ್ಲರೂ ಅಂದುಕೊಂಡರು.

ಹಿರಿಸೊಸೆ ಬೆಳಗಾಗುವ ಮೊದಲೇ ಎದ್ದು ಒಳ್ಳೆಯ ಜಾಗ ಹಿಡಿದಳು. ನಲ್ಲಿಯ ಪಕ್ಕದಿಂದ ಶುರುವಾಗಿ ಕಾಂಪೌಂಡ್ ಗೋಡೆಯ ಉದ್ದಕ್ಕೂ ಬಿಸಿಲು ಬೀಳುವ ಪಟ್ಟಿ. ಉದ್ದ ಹತ್ತು ಮೀಟರ್, ಅಗಲ ಎರಡು. ಎದುರುಬದುರು ಹತ್ತು ಹತ್ತು ಇಪ್ಪತ್ತು, ತುದಿಗಳಲ್ಲಿ ಎರಡು ಎರಡು ನಾಲ್ಕು. ಬಲೆ ಕರಾರುವಾಕ್ಕಾಗಿ ಮುಗಿಯಿತು. ಆ ತುದಿಯಿಂದ ಈ ತುದಿಗೆ ನೋಡಿದರೆ ರೈಲ್ವೆ ಪ್ಲಾಟ್‌ಫಾರ್ಮಿನ ಹಾಗೆ ಕಾಣುತ್ತಿತ್ತು. ಅವಳಿಗೆ ತುಂಬಾ ಹೆಮ್ಮೆಯಾಯಿತು.

ಕಿರಿಸೊಸೆ ಆರಾಮಾಗಿ ತಿಂಡಿ ಮುಗಿಸಿ ಬರುವಷ್ಟರಲ್ಲಿ ಗೋಡೆಯ ಪಕ್ಕ ಒಂದಿಂಚೂ ಉಳಿದಿರಲಿಲ್ಲ. ಬಟ್ಟೆ ಒಣಹಾಕುವ ಕಂಬಗಳ ಹಿಂದೆ, ನಲ್ಲಿಯಿಂದ ದೂರದಲ್ಲಿ ಒಂದು ಜಾಗ ಸಿಕ್ಕಿತು. ಆಚೆಗೆ ಕಂಬ, ಈಚೆಗೆ ಕಾಲುದಾರಿ. ಅಲ್ಲಿ ಆಗುವುದು ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಚೌಕವೇ. ಅಷ್ಟಕ್ಕೆ ಬಲೆ ಸುತ್ತಿದಳು.

"ಪಾಪ, ಪೆಟ್ಟಿಗೆ ಹಾಗಿದೆ" ಎಂದು ಹಿರಿಸೊಸೆ ಅತ್ತೆಗೆ ಹೇಳಿದಳು. "ಪ್ಯಾಕಿಂಗ್‌ನವಳಲ್ವಾ."

ಅತ್ತೆಗೆ ಇದು ಕೇಳಿಸಲಿಲ್ಲ.

ಮೊದಲ ಬೆಳೆ ಬಂತು. ಹಿರಿಸೊಸೆಯ ಪಟ್ಟಿಯಲ್ಲಿ ಮೂಲಂಗಿ, ಬೀನ್ಸ್, ಒಂದೆರಡು ಸಾಲು ಟೊಮೆಟೊ. ಚೆನ್ನಾಗಿಯೇ ಬಂದವು. ಆದರೆ ಪಕ್ಕದ ಮನೆಗೆ ಕಿರಿಸೊಸೆ ಹೊತ್ತು ತರುವ ಬುಟ್ಟಿಗಳಿಗೆ ಲೆಕ್ಕವೇ ಇರಲಿಲ್ಲ. ಅದೇ ಮೂಲಂಗಿ, ಅದೇ ಬೀನ್ಸ್, ಜೊತೆಗೆ ಎಲೆಕೋಸು, ಒಂದು ಮೂಲೆಯಲ್ಲಿ ಕುಂಬಳಬಳ್ಳಿ ಬೇರೆ. ತಮ್ಮ ಕುಂಬಳಕಾಯಿಯನ್ನು ಹೆಗಲ ಮೇಲಿಟ್ಟುಕೊಂಡು ಸಾಲುಮನೆಯ ಮುಂದೆ ಮೆರವಣಿಗೆ ಬಂದ. ಅಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಬಸ್ಸಿನ ಹಾರ್ನ್ ಹೊಡೆದ.

"ಕೈಗುಣ ಅಂದ್ರೆ ಕೈಗುಣ" ಎಂದು ಸಾಲುಮನೆಯ ಹೆಂಗಸರು ಹೊಗಳಿದರು. ಕಿರಿಸೊಸೆ ಬೇಡ ಬೇಡ ಎನ್ನುತ್ತಲೇ ಒಂದಿಷ್ಟು ಉಬ್ಬಿದಳು. ಗಿಡದ ಜೊತೆ ಮಾತಾಡಬೇಕು, ಬೆಳಗ್ಗೆ ನಗುತ್ತಾ ನೀರು ಹಾಕಬೇಕು ಎಂದೆಲ್ಲ ಉಪದೇಶ ಕೊಡುವುದಕ್ಕೂ ಶುರುಮಾಡಿದಳು.

ಹಿರಿಸೊಸೆಗೆ ತಡೆಯಲಾಗಲಿಲ್ಲ. ತಪ್ಪು ಹುಡುಕುವ ಕಣ್ಣು; ಎಲ್ಲೋ ಒಂದು ಬಿರುಕು ಇರಲೇಬೇಕು. ನೇರವಾಗಿ ನೆಟ್ಟಗಣ್ಣನ ಹತ್ತಿರ ಹೋದಳು.

"ಅಣ್ಣ, ಒಂದು ಮಾತು. ನಮ್ಮ ತಂಗಿಯ ಸುರುಳಿಯಲ್ಲಿ ಬಲೆ ಜಾಸ್ತಿ ಇತ್ತಾ ಅಂತ."

"ಜಾಸ್ತಿ ಹೇಗಾಗುತ್ತೆ? ನಾನೇ ನೆಟ್ಟಗೆ ಅಳೆದು ಕೊಟ್ಟಿದ್ದೀನಿ."

"ತಪ್ಪು ತಿಳ್ಕೋಬೇಡಿ. ಒಂದ್ಸಲ ಅಳೆದುಬಿಟ್ರೆ ಎಲ್ಲರಿಗೂ ನೆಮ್ಮದಿ."

ಸಂಜೆ ನೆಟ್ಟಗಣ್ಣ ಟೇಪು ಹಿಡಿದು ಬಂದರು. ಅರ್ಧ ಸಾಲುಮನೆಯೇ ಸುತ್ತ ನಿಂತಿತ್ತು. ಮೊದಲು ಕಿರಿಸೊಸೆಯ ಬೇಲಿ: ಆರು, ಆರು, ಆರು, ಆರು. ಇಪ್ಪತ್ನಾಲ್ಕು. ಆಮೇಲೆ ಹಿರಿಸೊಸೆಯದು: ಹತ್ತು, ಎರಡು, ಹತ್ತು, ಎರಡು. ಇಪ್ಪತ್ನಾಲ್ಕು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನೋಡಮ್ಮ" ಎಂದರು ನೆಟ್ಟಗಣ್ಣ ಟೇಪು ಸುತ್ತುತ್ತಾ. "ಬೇಲಿ ನೆಟ್ಟಗಿದೆ. ಬೆಳೆ ನನ್ನ ಕೈಲಿಲ್ಲ."

ಕಿರಿಸೊಸೆಯ ಮುಖ ಕೆಂಪಾಗಿತ್ತು. "ಅತ್ತೆ, ನಾನು ಕದ್ದಿದ್ದೀನಾ ಅಂತ ಕೇಳಿ ಅವರನ್ನ."

"ಕದ್ದೆ ಅಂತ ನಾನೆಲ್ಲಿ ಅಂದೆ ಅತ್ತೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

"ಹೆಗಲ ಮೇಲೆ ಇಟ್ಕೊಂಡು ಬಂದಿದ್ದು ನಿಮ್ಮ ಮಗ ಅತ್ತೆ, ಅವರನ್ನ ಕೇಳಲಿ."

ಅತ್ತೆ ಇಬ್ಬರ ಮುಖವನ್ನೂ ನೋಡಿ, "ಬೀನ್ಸ್ ಬಲಿತುಹೋದಾವು, ಕೀಳಿ" ಎಂದು ಎದ್ದುಹೋದರು.

ಅಂದಿನಿಂದ ಉಳಿದಿದ್ದ ಅರ್ಧ ಮಾತೂ ನಿಂತಿತು. ಹಿರಿಸೊಸೆ ಹಟ ಹಿಡಿದು ಎರಡನೆಯ ಸಲ ಸಸಿಗಳನ್ನು ಒತ್ತೊತ್ತಾಗಿ ನೆಟ್ಟಳು. ಎಂಟು ನೆಡುವ ಕಡೆ ಹದಿನೈದು. ಗೊಬ್ಬರ ದುಪ್ಪಟ್ಟು. ಯಾರೂ ಇಲ್ಲದಾಗ ಗಿಡಗಳ ಜೊತೆ ಮಾತಾಡಲೂ ನೋಡಿದಳು. ಆದರೆ ಏನು ಮಾತಾಡುವುದೆಂದು ತೋಚದೆ, "ನೆಟ್ಟಗೆ ಬೆಳೀರಿ, ಮಾನ ಕಳೀಬೇಡಿ" ಎಂದು ಗದರಿ ಬಂದಳು.

ಆ ಸಸಿಗಳು ಗೇಣುದ್ದ ಆದಾಗ ಒಂದು ಭಾನುವಾರ ಮಧ್ಯಾಹ್ನ ಆಕಾಶ ಹಸಿರುಗಪ್ಪಾಯಿತು. ಗಾಳಿ ನಿಂತುಹೋಯಿತು. ಆಲಿಕಲ್ಲು ಬೀಳಬಹುದು ಎಂದು ಬೆಳಗ್ಗೆಯೇ ಸುದ್ದಿ ಬಂದಿದ್ದರಿಂದ ಕಾರ್ಖಾನೆಯವರು ಮನೆಗೆ ಮೂವತ್ತರಂತೆ ಹಳೆಯ ಗೋಣಿಚೀಲ ಕೊಟ್ಟಿದ್ದರು. ಹೊಲಿಗೆ ಬಿಚ್ಚಿ ಹರಡಿದರೆ ಒಂದೊಂದೂ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಅಣ್ಣ ಬಸ್ಸಿನಲ್ಲಿದ್ದ, ತಮ್ಮ ಕುಲುಮೆಯ ಮುಂದಿದ್ದ. ಮನೆಯಲ್ಲಿ ಹೆಂಗಸರು ಮೂವರೇ.

"ನನ್ನ ಮೊಣಕಾಲು ಹೇಳ್ತಿದೆ, ಈಗಲೇ ಬೀಳುತ್ತೆ" ಎಂದು ಅತ್ತೆ ಕಿಟಕಿಯಿಂದ ಕೂಗಿದರು. ಈ ಕೂಗು ಎರಡೂ ಮನೆಗೆ ಕೇಳಿಸಿತು.

ಇಬ್ಬರೂ ಚೀಲದ ಹೊರೆ ಎತ್ತಿಕೊಂಡು ಓಡಿದರು. ಹಿರಿಸೊಸೆ ಗೋಡೆಯ ಪಕ್ಕದಿಂದ ಶುರುಮಾಡಿ ಸಸಿಗಳ ಮೇಲೆ ಅಂಚಿಗೆ ಅಂಚು ಸೇರಿಸಿ ಎರಡೆರಡು ಚೀಲ ಹಾಸುತ್ತಾ ಹೋದಳು. ಅಂಚಿಗೆ ಕಲ್ಲು ಇಟ್ಟಳು. ಕೊನೆಯ ಸಾಲು ಮುಗಿದಾಗ ಕೈಯಲ್ಲಿ ಇನ್ನೂ ಚೀಲಗಳಿದ್ದವು. ಎಲ್ಲೋ ಬಿಟ್ಟೆನೇನೋ ಎಂದು ಹಿಂದಿರುಗಿ ನೋಡಿದಳು. ಎಲ್ಲೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಬಟ್ಟೆ ಕಂಬದ ಹಿಂದಿನಿಂದ ಕಿರಿಸೊಸೆಯ ದನಿ ಬಂತು. ಯಾರನ್ನೂ ಕರೆದದ್ದಲ್ಲ, ತನ್ನಷ್ಟಕ್ಕೆ ಅಳುವಂತೆ, "ಅಯ್ಯೋ ಸಾಲದು, ಸಾಲದು" ಎನ್ನುತ್ತಿದ್ದಳು. ಐದು ಸಾಲು ಮುಚ್ಚಿತ್ತು. ಆರನೆಯ ಸಾಲಿನ ಎಲೆಕೋಸು ಸಸಿಗಳು ಬೋಳಾಗಿ ನಿಂತಿದ್ದವು. ಅವಳು ಸೆರಗು ಬಿಚ್ಚಿ ಅದನ್ನೇ ಮುಚ್ಚಲು ನೋಡುತ್ತಿದ್ದಳು.

ಮೊದಲ ಆಲಿಕಲ್ಲು ನಲ್ಲಿಯ ಕೆಳಗಿನ ಬಕೆಟ್ಟಿಗೆ ಟಣ್ ಎಂದು ಬಿತ್ತು.

ಹಿರಿಸೊಸೆ ಯೋಚಿಸುತ್ತಾ ನಿಲ್ಲಲಿಲ್ಲ. ನಿಂತಿದ್ದರೆ ಪರದೆ, ಟೇಪು, ಕುಂಬಳಕಾಯಿ ಎಲ್ಲ ನೆನಪಾಗುತ್ತಿತ್ತೇನೋ. ಉಳಿದ ಚೀಲ ಬಗಲಲ್ಲಿ ಇಟ್ಟುಕೊಂಡು ಕಾಲುದಾರಿ ದಾಟಿ ಓಡಿ, ಬೇಲಿಯ ಮೇಲಿಂದ ಎಸೆದಳು. "ಹಿಡ್ಕೊಳ್ಳೇ. ಆ ಕಡೆ ತುದಿ ಎಳಿ." ಅವಳು ಬೇಲಿ ಹಾರುವಾಗ ಸೀರೆ ಬಲೆಗೆ ಸಿಕ್ಕಿ ಪರ್ ಎಂದಿತು. ಇಬ್ಬರೂ ಸೇರಿ ಆರನೆಯ ಸಾಲಿಗೆ ಆರು ಚೀಲ ಹಾಸಿದರು. ಇನ್ನೂ ನಾಲ್ಕು ಮಿಕ್ಕವು. ತಲೆಗೆ ಎರಡೆರಡು ಹೊದ್ದುಕೊಂಡು, ಕಲ್ಲಿನೇಟು ತಿನ್ನುತ್ತಾ, ಕಿರುಚುತ್ತಾ, ಯಾಕೋ ನಗುತ್ತಾ ಓಡಿಬಂದು ಹಿರಿಸೊಸೆಯ ಅಡುಗೆಮನೆಯ ಚಜ್ಜಾದ ಕೆಳಗೆ ನಿಂತರು.

ಬಯಲು ಬೆಳ್ಳಗಾಗುವವರೆಗೂ ಬಿತ್ತು. ಮಾತಾಡಿದರೂ ಕೇಳಿಸದಷ್ಟು ಸದ್ದು. ಸದ್ದು ಇಳಿದ ಮೇಲೆ ಕಿರಿಸೊಸೆ ಮೆಲ್ಲಗೆ ಹೇಳಿದಳು: "ನೀವು ಬರ್ತೀರಿ ಅಂತ ಅಂದ್ಕೊಂಡಿರಲಿಲ್ಲ ಅಕ್ಕ."

"ನಾನೂ ಅಂದ್ಕೊಂಡಿರಲಿಲ್ಲ" ಎಂದಳು ಹಿರಿಸೊಸೆ. ಆಮೇಲೆ ಹುಬ್ಬು ಗಂಟಿಕ್ಕಿದಳು. ಬಾಟಲಿಯಲ್ಲಿ ಗುಳ್ಳೆ ಕಂಡಾಗ ಹೀಗೇ ಆಗುತ್ತಿತ್ತು. "ಅಲ್ಲ ಕಣೇ, ನಿನಗೆಷ್ಟು ಚೀಲ ಕೊಟ್ಟಿದ್ರು?"

"ಮೂವತ್ತು."

"ನನಗೂ ಮೂವತ್ತು. ನನಗೆ ಹತ್ತು ಮಿಕ್ತು. ನಿನಗೆ ಆರು ಸಾಲದೆ ಬಂತು."

"ನಾನು ಒಂದರ ಮೇಲೊಂದು ಹಾಸಿಲ್ಲ ಅಕ್ಕ, ನೀವೇ ನೋಡಿದ್ರಲ್ಲ."

"ಅದನ್ನೇ ಹೇಳ್ತಿರೋದು. ಬೇಲಿ ನಿಂದೂ ಇಪ್ಪತ್ನಾಲ್ಕು, ನಂದೂ ಇಪ್ಪತ್ನಾಲ್ಕು. ಊರೆಲ್ಲ ನಿಂತು ನೋಡಿದೆ. ಮತ್ತೆ ನನ್ನ ತೋಟ ಮುಚ್ಚೋಕೆ ಇಪ್ಪತ್ತು ಚೀಲ, ನಿನ್ನ ತೋಟಕ್ಕೆ ಮೂವತ್ತಾರು ಯಾಕೆ?"

ಇಬ್ಬರೂ ಬಯಲಿನ ಕಡೆ ನೋಡಿದರು. ಚೀಲ ಹೊದ್ದ ಎರಡು ತೋಟಗಳು ಈಗ ಮೊದಲ ಸಲ ಎರಡು ಹಾಸಿಗೆಗಳ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದರಲ್ಲಿ ಎರಡೆರಡರ ಹತ್ತು ಸಾಲು. ಇನ್ನೊಂದರಲ್ಲಿ ಆರಾರರ ಆರು ಸಾಲು.

"ಎರಡ್ ಹತ್ಲ ಇಪ್ಪತ್ತು" ಎಂದಳು ಹಿರಿಸೊಸೆ.

"ಆರಾರ್ಲ ಮೂವತ್ತಾರು" ಎಂದಳು ಕಿರಿಸೊಸೆ.

ಶಾಲೆಯಲ್ಲಿ ಇಬ್ಬರೂ ಇದನ್ನು ಬಾಯಿಪಾಠ ಮಾಡಿದವರೇ. ಸುತ್ತಳತೆಗೆ ನಾಲ್ಕೂ ಬದಿ ಕೂಡಬೇಕು, ವಿಸ್ತೀರ್ಣಕ್ಕೆ ಉದ್ದವನ್ನು ಅಗಲದಿಂದ ಗುಣಿಸಬೇಕು. ಆದರೆ ಸುತ್ತು ಒಂದೇ ಇದ್ದು ಒಳಗಿನ ಜಾಗ ಬೇರೆ ಬೇರೆ ಆಗಬಹುದು ಎಂಬುದು ಈಗ ಆಲಿಕಲ್ಲು ತಲೆಗೆ ಬಿದ್ದಮೇಲೆಯೇ ಹೊಳೆದದ್ದು.

ಹಿರಿಸೊಸೆಯ ಮುಖ ಅರಳುತ್ತಾ ಬಂತು. ಕಿರಿಸೊಸೆಯದು ಬಾಡುತ್ತಾ ಹೋಯಿತು.

"ಹಾಗಾದ್ರೆ ಅಕ್ಕ, ಅದು ನನ್ನ ಕೈಗುಣ ಅಲ್ವಾ?"

ಹಿರಿಸೊಸೆ ಅರ್ಧ ವರ್ಷದಿಂದ ಕಿವಿಯಾರೆ ಕೇಳಬೇಕೆಂದಿದ್ದ ಮಾತು. ಚುಚ್ಚಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಒದ್ದೆ ಗೋಣಿ ಹೊದ್ದು, ಮೂಗಿನ ತುದಿಯಲ್ಲಿ ನೀರು ತೊಟ್ಟಿಕ್ಕಿಸುತ್ತಾ ನಿಂತಿದ್ದ ಅವಳನ್ನು ನೋಡಿ ಹಿರಿಸೊಸೆಗೆ ಪಾಪ ಅನಿಸಿತು.

"ಒಂಚೂರು ಇರಬಹುದು. ಒಳಗೆ ಬಾ, ನಡುಗ್ತಿದ್ದೀಯ."

ಅಡುಗೆಮನೆಯ ನೆಲಕ್ಕೆ ಚಿಕ್ಕ ಚೌಕದ ಟೈಲ್ಸ್ ಹಾಕಿದ್ದರು. ಟೀಗೆ ನೀರಿಟ್ಟು ತಿರುಗಿದ ಹಿರಿಸೊಸೆ ಆ ಟೈಲ್ಸ್ ನೋಡಿ ನಿಂತಳು. ಡಬ್ಬದಿಂದ ದಪ್ಪ ದಾರ ತೆಗೆದು, ಇಪ್ಪತ್ನಾಲ್ಕು ಟೈಲ್ಸಿನ ಉದ್ದಕ್ಕೆ ಕತ್ತರಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿದಳು. ನಾಲ್ಕು ಸ್ಟೀಲ್ ಲೋಟ ಬೋರಲಿಟ್ಟು ನಾಲ್ಕು ಮೂಲೆ ಮಾಡಿದರು. ಇಬ್ಬರೂ ನೆಲದ ಮೇಲೆ ಮೊಣಕಾಲೂರಿ ಕೂತರು. ಟೀ ಕುದಿದು ಉಕ್ಕಿತು. ಅತ್ತೆ ಬಂದು ಒಲೆ ಆರಿಸಿ ನೋಡಿದರು: ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದ ಸೊಸೆಯಂದಿರು ನೆಲದ ಮೇಲೆ ಲೋಟ ಸರಿಸುತ್ತಾ ಆಡುತ್ತಿದ್ದರು.

"ಒಂಬತ್ತಕ್ಕೆ ಮೂರು ಇಡು. ಒಳಗೆಷ್ಟು?"

"ಇಪ್ಪತ್ತೇಳು."

"ಎಂಟಕ್ಕೆ ನಾಲ್ಕು?"

"ಮೂವತ್ತೆರಡು. ಏಳಕ್ಕೆ ಐದು ಅಂದ್ರೆ ಮೂವತ್ತೈದು. ಅಕ್ಕ, ಚೌಕದ ಹತ್ತಿರ ಬಂದಷ್ಟೂ ಹೊಟ್ಟೆ ದೊಡ್ಡದಾಗ್ತಿದೆ."

"ಈಗ ಈ ಕಡೆಯಿಂದ ತಗೋ. ಹನ್ನೊಂದಕ್ಕೆ ಒಂದು."

"ಬರೀ ಹನ್ನೊಂದು."

ಹಿರಿಸೊಸೆ ಲೋಟಗಳನ್ನು ಇನ್ನೂ ಎಳೆದಳು. ದಾರದ ಎರಡು ಎಳೆ ಒಂದಕ್ಕೊಂದು ಅಂಟಿಕೊಂಡವು. ಒಳಗೆ ಒಂದು ಟೈಲೂ ಇಲ್ಲ. "ನೋಡು, ಬೇಲಿ ಇದೆ, ತೋಟವೇ ಇಲ್ಲ."

"ಕೆಲವರ ಮನಸ್ಸೂ ಹಾಗೇ" ಎಂದರು ಅತ್ತೆ ಟೀ ಸೋಸುತ್ತಾ. "ಬೇಲಿ ಮಾತ್ರ ಉದ್ದ."

ಯಾರಿಗೆ ಹೇಳಿದ್ದೆಂದು ಇಬ್ಬರೂ ಕೇಳಲಿಲ್ಲ. ಆದರೆ ಹಿರಿಸೊಸೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಒಮ್ಮೆಲೇ ತಲೆ ಎತ್ತಿದಳು. "ಆ ಪರದೆ! ಇವರು ಸುತ್ತು ಅಳೆದು ತಂದಿದ್ರು. ಸುತ್ತು ಸರಿಯಾಗೇ ಇತ್ತು ಕಣೇ. ನಾನು ಹೊಲಿದಿದ್ದು ತಪ್ಪಲ್ಲ."

"ಭಾವ ದಾರ ಹಿಡ್ಕೊಂಡು ಕಿಟಕಿ ಸುತ್ತ ಹೋಗಿದ್ದು ನಾನೂ ನೋಡಿದ್ದೆ" ಎಂದಳು ಕಿರಿಸೊಸೆ. "ಕಿಟಕಿಗೆ ಏನೋ ಕಟ್ತಾರೆ ಅಂದ್ಕೊಂಡೆ. ನಾನು ಹಾಗೆ ನಗಬಾರದಿತ್ತು ಅಕ್ಕ. ಆ ಹೂವು ಚೆನ್ನಾಗಿತ್ತು. ಅದನ್ನ ಕತ್ತರಿಸಿ ದಿಂಬಿಗೆ ಹಾಕ್ಕೊಂಡಿದ್ದೀನಿ."

"ನನಗೊಂದು ಮಾತು ಹೇಳಬಾರದಾ?"

"ನೀವು ಮಾತಾಡ್ತಿದ್ರೆ ತಾನೆ?"

ಟೀ ಕುಡಿದರು. ಲೋಟ ಸಾಲದೆ ಮೂಲೆಯಲ್ಲಿದ್ದ ಎರಡನ್ನೇ ತೊಳೆದುಕೊಂಡರು. ಕಿರಿಸೊಸೆಗೆ ಆಟದ ಹುಚ್ಚು ಹತ್ತಿತ್ತು. ಅವಳು ಎಂಟು ಟೈಲ್ಸಿನ ಸುತ್ತಿನ ಒಂದು ಚಿಕ್ಕ ದಾರ ಕಟ್ಟಿದಳು. ಚೌಕ ಮಾಡಿದರೆ ಎರಡಕ್ಕೆ ಎರಡು, ಒಳಗೆ ನಾಲ್ಕು ಟೈಲು. ಅಂಥದ್ದೇ ಇನ್ನೊಂದು ಕಟ್ಟಿದಳು. ಅಲ್ಲೂ ನಾಲ್ಕು. ಆಮೇಲೆ ಎರಡೂ ಗಂಟು ಬಿಚ್ಚಿ, ಎರಡು ದಾರವನ್ನೂ ಸೇರಿಸಿ ಒಂದೇ ಸುತ್ತು ಮಾಡಿದಳು.

"ಈಗ ಒಳಗೆಷ್ಟು ಆಗುತ್ತೆ ಹೇಳಿ ಅಕ್ಕ."

"ನಾಲ್ಕು ನಾಲ್ಕು ಎಂಟು. ಇದರಲ್ಲೇನಿದೆ?"

ಕಿರಿಸೊಸೆ ಲೋಟಗಳನ್ನು ಮೂಲೆಗೆ ಸರಿಸಿದಳು. ನಾಲ್ಕಕ್ಕೆ ನಾಲ್ಕರ ಚೌಕವಾಯಿತು. ಹಿರಿಸೊಸೆ ಬೆರಳಿಟ್ಟು ಎಣಿಸಿದಳು. ನಂಬದೆ ಇನ್ನೊಂದು ಸಲ ಎಣಿಸಿದಳು. ಹದಿನಾರು.

"ಇದೇನು ಮಾಟವೇ? ದಾರ ಎರಡರಷ್ಟು, ಜಾಗ ನಾಲ್ಕರಷ್ಟು."

"ಉದ್ದವೂ ದುಪ್ಪಟ್ಟಾಯ್ತು, ಅಗಲವೂ ದುಪ್ಪಟ್ಟಾಯ್ತು" ಎಂದು ಕಿರಿಸೊಸೆ ನೆಲ ನೋಡುತ್ತಾ ನಿಧಾನವಾಗಿ ಹೇಳಿದಳು. "ಹಾಗಾಗಿ ಎರಡೆರಡ್ಲ ನಾಲ್ಕು. ಅಕ್ಕ, ನಮ್ಮ ಎರಡು ಸುರುಳಿ ಸೇರಿಸಿದ್ರೆ ನಲವತ್ತೆಂಟು. ಬದಿಗೆ ಹನ್ನೆರಡು. ಹನ್ನೆರಡು ಹನ್ನೆರಡ್ಲ..."

"ನೂರನಲವತ್ನಾಲ್ಕು" ಎಂದರು ಅತ್ತೆ. ಮಗ್ಗಿ ಅವರಿಗೆ ಯಾವಾಗಲೂ ಚೆನ್ನಾಗಿ ಕೇಳಿಸುತ್ತಿತ್ತು.

ಹಿರಿಸೊಸೆಯ ಇಪ್ಪತ್ತು, ಕಿರಿಸೊಸೆಯ ಮೂವತ್ತಾರು, ಎರಡೂ ಸೇರಿ ಈಗ ಇದ್ದದ್ದು ಐವತ್ತಾರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದೇ ತೋಟ ಎಂದರೆ ಒಂದೇ ಬಾಗಿಲು, ದಿನಾ ಒಟ್ಟಿಗೆ ಕೆಲಸ, ದಿನಾ ಮುಖ ನೋಡಬೇಕು. ಅದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆದಿರಬೇಕು.

"ಜಗಳ ಆಗುತ್ತೆ" ಎಂದಳು ಹಿರಿಸೊಸೆ.

"ಈಗೇನು ಆಗ್ತಿಲ್ವಾ?" ಎಂದಳು ಕಿರಿಸೊಸೆ.

ಎರಡನೆಯ ಬೆಳೆ ಮುಗಿದ ಮೇಲೆ ಇಬ್ಬರೂ ನೆಟ್ಟಗಣ್ಣನ ಮುಂದೆ ನಿಂತರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಬ್ಬರೂ ಒಟ್ಟಿಗೆ ಬಂದದ್ದೇ ಅವರಿಗೆ ಗಾಬರಿ.

"ಎರಡು ಸುರುಳಿಗೆ ಒಂದೇ ಬೇಲಿನಾ? ಹಾಗೆ ಯಾರೂ ಮಾಡಿಲ್ಲ."

"ಮಾಡಬಾರದು ಅಂತ ನೀವು ಹೇಳಿಲ್ವಲ್ಲ ಅಣ್ಣ" ಎಂದಳು ಕಿರಿಸೊಸೆ.

"ಮೂಲೆ ನಾಲ್ಕೂ ನೆಟ್ಟಗಿರುತ್ತೆ" ಎಂದಳು ಹಿರಿಸೊಸೆ. "ಎಂಟು ಮೂಲೆ ನೋಡೋ ಕಡೆ ನಾಲ್ಕೇ ನೋಡಿದ್ರೆ ಸಾಕು ನಿಮಗೆ."

ಈ ಕೊನೆಯ ಮಾತು ನೆಟ್ಟಗಣ್ಣನಿಗೆ ನಾಟಿತು. ಆದರೆ ಹನ್ನೆರಡಕ್ಕೆ ಹನ್ನೆರಡರಷ್ಟು ಜಾಗ ಮನೆಗಳ ಹತ್ತಿರ ಎಲ್ಲೂ ಇರಲಿಲ್ಲ. ಇದ್ದದ್ದು ಬಯಲಿನ ಆ ತುದಿಯಲ್ಲಿ, ಹಳೆಯ ಹೊಗೆಗೊಳವೆಯ ಬುಡದಲ್ಲಿ. ಅಲ್ಲಿ ಇಟ್ಟಿಗೆ ಚೂರು, ಗಾಜಿನ ಚೂರು, ಯಾರಿಗೂ ಬೇಡದ ಮುಳ್ಳುಕಂಟಿ. ನೀರು ಬೇಕೆಂದರೆ ಇಡೀ ಬಯಲು ದಾಟಿ ಹೊರಬೇಕು.

"ಬೇಕಾದ್ರೆ ಅಲ್ಲಿ ತಗೊಳ್ಳಿ" ಎಂದರು ನೆಟ್ಟಗಣ್ಣ, ಬೇಡ ಎನ್ನುತ್ತಾರೆಂಬ ನಂಬಿಕೆಯಲ್ಲಿ.

ಅವರು ತೆಗೆದುಕೊಂಡರು. ಗಾಜು ಹೆಕ್ಕುವ ಕೆಲಸ ಹಿರಿಸೊಸೆಯದಾಯಿತು. ಮಣ್ಣಿನಲ್ಲಿ ಉಗುರಿನಷ್ಟು ಚೂರು ಹೊಳೆದರೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೆಕ್ಕಿದ್ದನ್ನೆಲ್ಲ ಕಿರಿಸೊಸೆ ಪೆಟ್ಟಿಗೆಗಳಿಗೆ ತುಂಬಿ ಸಾಗಿಸಿದಳು. ಅಣ್ಣತಮ್ಮಂದಿರು ರಜೆಯ ದಿನಗಳಲ್ಲಿ ನೆಲ ಅಗೆದರು, ಹಳೆಯ ರಬ್ಬರ್ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ನಲ್ಲಿಯಿಂದ ನೀರು ಎಳೆದರು. ಎಂದೂ ಜಗಳವಾಡದ ಆ ಇಬ್ಬರು ಪೈಪು ಬಲಕ್ಕೆ ಹೋಗಬೇಕೋ ಎಡಕ್ಕೋ ಎಂದು ಒಂದು ಮಧ್ಯಾಹ್ನವಿಡೀ ವಾದ ಮಾಡಿ ಮುಖ ಊದಿಸಿಕೊಂಡು ಕೂತರು. ಸೊಸೆಯಂದಿರೇ ಹೋಗಿ ರಾಜಿ ಮಾಡಿಸಬೇಕಾಯಿತು.

"ರೀ, ನೀವು ಅಳತೆ ವಿಚಾರಕ್ಕೆ ಮಾತ್ರ ಬಾಯಿ ಹಾಕಬೇಡಿ" ಎಂದಳು ಹಿರಿಸೊಸೆ ಗಂಡನಿಗೆ.

"ಯಾಕೆ? ನಾನೇನು ತಪ್ಪು ಅಳೆದಿದ್ದೀನಿ?"

ಕಿರಿಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ಆಚೆ ಹೋದಳು.

ಬೇಲಿ ನಿಂತಿತು. ನೆಟ್ಟಗಣ್ಣ ಬಂದು ನಾಲ್ಕು ಮೂಲೆಗೂ ಮೂಲೆಮಟ್ಟ ಇಟ್ಟು ನೋಡಿ, ಹುಡುಕಿದರೂ ಡೊಂಕು ಸಿಗದೆ ಸ್ವಲ್ಪ ಬೇಜಾರಿನಿಂದಲೇ ಹೋದರು. ಒಳಗೆ ನಿಂತು ನೋಡಿದರೆ ಜಾಗ ಎಷ್ಟು ದೊಡ್ಡದೆಂದರೆ ಇಬ್ಬರಿಗೂ ಮೊದಲು ಭಯವೇ ಆಯಿತು. ಆಮೇಲೆ ಜಗಳ ಶುರುವಾಯಿತು. ಟೊಮೆಟೊ ಬಿಸಿಲಿಗೆ ಇರಲಿ ಎಂದು ಒಬ್ಬಳು, ಬೀನ್ಸಿನ ನೆರಳು ಬೀಳುತ್ತದೆ ಎಂದು ಇನ್ನೊಬ್ಬಳು. ಒತ್ತಾಗಿ ನೆಡಬೇಡಿ ಅಕ್ಕ ಎಂದರೆ, ನಿನ್ನ ಹಾಗೆ ಬೀಗೋಕೆ ನನಗೆ ಜಾಗ ಬೇಡ ಎನ್ನುವುದು. ಆದರೆ ಈಗ ಮಾತು ನೇರವಾಗಿತ್ತು, ಅತ್ತೆಯ ಮೂಲಕ ಹೋಗುತ್ತಿರಲಿಲ್ಲ. ಅತ್ತೆಗೆ ಇದರಿಂದ ಕೆಲಸ ಕಡಿಮೆಯಾಗಿ ಸಪ್ಪೆ ಅನಿಸತೊಡಗಿತು.

ಅವರಿಬ್ಬರಿಗೂ ಸಾಲುಮನೆಯವರಿಗೂ ಹೊಳೆಯದಿದ್ದ ಒಂದು ತೊಂದರೆ ಗಿಡಗಳು ಬೆಳೆದ ಮೇಲೆ ಕಂಡಿತು. ದೊಡ್ಡ ಚೌಕದ ನಟ್ಟನಡುವಿಗೆ ಯಾರ ಕೈಯೂ ನಿಲುಕುತ್ತಿರಲಿಲ್ಲ. ಹೋಗಬೇಕೆಂದರೆ ಸಸಿ ತುಳಿಯಬೇಕು. ಹಿರಿಸೊಸೆಯ ಹಳೆಯ ಪಟ್ಟಿಗೆ ಅಂಥ ಕಷ್ಟ ಇರಲಿಲ್ಲ. ಒಂದು ಹೆಜ್ಜೆ ಒಳಗಿಟ್ಟು ಕೈ ಚಾಚಿದರೆ ಸಾಕಿತ್ತು. ಅದನ್ನು ಅವಳು ಹೇಳದೆ ಬಿಡಲಿಲ್ಲ. ಕೊನೆಗೆ ಬಾಗಿಲಿನಿಂದ ನಡುವಿನವರೆಗೆ ಒಂದು ಕಾಲುದಾರಿ ಬಿಡುವುದೆಂದಾಯಿತು. ಅಷ್ಟು ಜಾಗ ಹೋಯಿತಲ್ಲ ಎಂದು ಇಬ್ಬರೂ ಕೊರಗಿದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಬುಟ್ಟಿಗಳು ಬರುತ್ತಿದ್ದ ರೀತಿಯೇ ಸುದ್ದಿಯಾಗಿತ್ತು. ಎರಡು ಮನೆಗೂ ತಿಂದು ಮುಗಿಯದೆ, ಸಾಲಿನ ಪ್ರತಿ ಬಾಗಿಲಲ್ಲೂ ಒಂದೊಂದು ಎಲೆಕೋಸು ಕೂತಿತು. ಹೇಗೆ ಎಂದು ಕೇಳಿದವರನ್ನೆಲ್ಲ ಹಿರಿಸೊಸೆ ಅಡುಗೆಮನೆಗೆ ಕರೆದು, ನೆಲದ ಮೇಲೆ ಲೋಟ ಇಟ್ಟು ದಾರ ಸುತ್ತಿ ತೋರಿಸುತ್ತಿದ್ದಳು. ಮೂರನೆಯ ಮನೆಯವರು ಆರನೆಯ ಮನೆಯವರ ಜೊತೆ ಸುರುಳಿ ಸೇರಿಸಿದರು. ಅವರಿಗೂ ಮಾತಿರಲಿಲ್ಲ, ಯಾವುದೋ ಕೋಳಿಯ ವಿಷಯಕ್ಕೆ. ನೆಟ್ಟಗಣ್ಣ ದಿನಾ ಹೊಸ ಮೂಲೆ ಅಳೆಯುತ್ತಾ ಬೆನ್ನು ಹಿಡಿದುಕೊಂಡು ಓಡಾಡಿದರು.

ಒಂದು ಸಂಜೆ ಇಬ್ಬರೂ ಬೀನ್ಸ್ ಕೀಳುತ್ತಿದ್ದಾಗ ಅತ್ತೆ ಒಂದು ಮಣೆ ಕಂಕುಳಲ್ಲಿ ಇಟ್ಟುಕೊಂಡು ಬಯಲು ದಾಟಿ ಬಂದರು. ಬಾಗಿಲು ತೆಗೆದುಕೊಂಡು, ಕಾಲುದಾರಿಯಲ್ಲಿ ನಡೆದು, ತೋಟದ ಸರಿಯಾದ ನಡುವಿನಲ್ಲಿ ಮಣೆ ಹಾಕಿ ಕೂತರು.

"ಒಂದು ಮೀಟರಿಗೆ ಒಂದು ಮೀಟರ್. ಇಷ್ಟು ನಂದು" ಎಂದರು. "ಉಳಿದಿದ್ದು ನಿಮಗೆ ಸಾಕು."

"ಅಲ್ಲಿ ಎಲೆಕೋಸು ಹಾಕೋಣ ಅಂತಿದ್ವಿ ಅತ್ತೆ" ಎಂದಳು ಕಿರಿಸೊಸೆ.

ಅವರಿಗೆ ಕೇಳಿಸಲಿಲ್ಲ. ಕಾಲು ಚಾಚಿಕೊಂಡು ಸುತ್ತಲೂ ಒಂದು ನೋಟ ಹಾಯಿಸಿದರು. ಆ ಸಾಲಿನಲ್ಲಿ ಕಳೆ ಇದೆ, ಈ ಗಿಡಕ್ಕೆ ಕೋಲು ಕೊಟ್ಟಿಲ್ಲ, ನೀರು ಹೀಗಾ ಹಾಕುವುದು ಎಂದು ಶುರುವಿಟ್ಟುಕೊಂಡರು. ಸೊಸೆಯಂದಿರು ಬುಟ್ಟಿ ಎತ್ತಿಕೊಂಡು ಮೊದಲು ಒಂದು ಮೂಲೆಗೆ, ಆಮೇಲೆ ಅದರ ಎದುರಿನ ಮೂಲೆಗೆ ಹೋಗಿ ನೋಡಿದರು. ನಡುವಿನಲ್ಲಿ ಕೂತವರ ದನಿ ನಾಲ್ಕೂ ಮೂಲೆಗೆ ಒಂದೇ ಸಮ ಕೇಳಿಸುತ್ತಿತ್ತು.